ಹೊಟ್ಟೆಗೊಬ್ಬರು, ತಲೆಗೊಬ್ಬರು, ಉಬ್ಬಸಕ್ಕೊಬ್ಬರು – ಇಡೀ ಮಗುವನ್ನು ನೋಡುವ ಡಾಕ್ಟರ್ ಯಾರು?

ಪ್ರಶ್ನೆ – ಎಂಟು ವರ್ಷದವಳ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ ಎಂಟು ವರ್ಷ. ಆಗಾಗ ಹೊಟ್ಟೆನೋವು ಅನ್ನುತ್ತಾಳೆ, ಎಲ್ಲಿ ಅಂತ ಕೇಳಿದರೆ ಹೊಕ್ಕುಳ ಸುತ್ತ ಕೈಯಾಡಿಸಿ ತೋರಿಸುತ್ತಾಳೆ. ತಲೆನೋವೂ ಇದೆ, ಅದು ಹೆಚ್ಚಾಗಿ ಸ್ಕೂಲಿನಿಂದ ಬಂದ ಮೇಲೆ. ನೆಗಡಿ ಆದಾಗೆಲ್ಲ ಉಬ್ಬಸ ಬರುತ್ತದೆ. ಅದಕ್ಕೆ ಇನ್ಹೇಲರ್ ಇದೆ, ಈಚೆಗೆ ರಾತ್ರಿ ಅಗಿದು ನುಂಗುವ ಮಾತ್ರೆ ಒಂದನ್ನೂ ಸೇರಿಸಿದ್ದಾರೆ. ಇದೆಲ್ಲದರ ಮೇಲೆ ಈಗ ನಿದ್ದೆ ಕೆಟ್ಟಿದೆ. ನಡುರಾತ್ರಿ ಕೆಟ್ಟ ಕನಸು ಬಿತ್ತು ಅಂತ ಅಳುತ್ತಾ ಎದ್ದು ಬಂದು ನನ್ನ ಪಕ್ಕ ಮಲಗುತ್ತಾಳೆ. ಬೆಳಗ್ಗೆ ಎಬ್ಬಿಸುವುದೇ ಕಷ್ಟ. ಕ್ಲಾಸಲ್ಲಿ ಗಮನ ಇಲ್ಲ ಅಂತ ಟೀಚರ್ ಹೇಳಿ ಕಳಿಸಿದ್ದಾರೆ.

ಹೊಟ್ಟೆಯ ಸ್ಪೆಷಲಿಸ್ಟ್ ಸ್ಕ್ಯಾನ್ ಮಾಡಿಸಿದರು, ನಾರ್ಮಲ್. ತಲೆನೋವಿಗೆ ನರದ ಡಾಕ್ಟರ್ ನೋಡಿ ಕಣ್ಣಿನವರ ಹತ್ತಿರ ಕಳಿಸಿದರು, ಅಲ್ಲೂ ನಾರ್ಮಲ್. ಉಬ್ಬಸ ನೋಡುವವರು ಶ್ವಾಸಕೋಶ ಚೆನ್ನಾಗಿದೆ ಅಂದರು. ಅವರಲ್ಲಿ ಯಾರೂ ಅಸಡ್ಡೆ ಮಾಡಿದವರಲ್ಲ, ಅವರವರ ಕೆಲಸ ಅವರು ಸರಿಯಾಗೇ ಮಾಡಿದ್ದಾರೆ. ಆದರೆ ಎಲ್ಲರೂ ತಮ್ಮ ಭಾಗ ನೋಡಿ ‘ನಮ್ಮ ಕಡೆಯಿಂದ ಏನೂ ಇಲ್ಲ’ ಅಂತ ಕಳಿಸುತ್ತಾರೆ, ಮಗು ಮಾತ್ರ ಹಾಗೇ ನರಳುತ್ತಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದಿಲ್ಲ. ಪ್ರತಿ ಸಲ ನಾನೇ ಮೊದಲಿಂದ ಕಥೆ ಹೇಳಬೇಕು, ಆ ಹೊತ್ತಿಗೆ ಟೈಮ್ ಮುಗಿದಿರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಇವರೆಲ್ಲರ ನಡುವೆ ಮಗುವನ್ನು ಪೂರ್ತಿಯಾಗಿ ನೋಡುವ ಒಬ್ಬ ಸಾಮಾನ್ಯ ಡಾಕ್ಟರನ್ನು ಹಿಡಿಯುವುದು ಒಳ್ಳೆಯದಾ? ಅಥವಾ ಇಷ್ಟು ದೂರ ಬಂದ ಮೇಲೆ ಅದು ಹಿಂದಕ್ಕೆ ಹೋದ ಹಾಗಾ? ಮನೆಯಲ್ಲಿ ಕೆಲವರು ‘ಸ್ಪೆಷಲಿಸ್ಟಿಗೇ ಗೊತ್ತಾಗದ್ದು ಇವರಿಗೆ ಏನು ಗೊತ್ತಾಗುತ್ತೆ’ ಅನ್ನುತ್ತಿದ್ದಾರೆ.

ಉತ್ತರ – ಫ್ಯಾಮಿಲಿ ಡಾಕ್ಟರ್

ಮೇಡಂ, ಹಿಂದಕ್ಕೆ ಹೋಗುವುದು ಅಲ್ಲವೇ ಅಲ್ಲ. ನಿಮಗೆ ಈಗ ಬೇಕಿರುವುದೇ ಅದು.

ನಾನು ಸಾಮಾನ್ಯ ವೈದ್ಯ, ನೋಡುವವರಲ್ಲಿ ಮಕ್ಕಳೇ ಜಾಸ್ತಿ. ಪರೀಕ್ಷೆ ಮಾಡದೆ ನಿಮ್ಮ ಮಗಳಿಗೆ ಏನಾಗಿದೆ ಅಂತ ನಾನು ಇಲ್ಲಿ ಹೇಳಲಾರೆ, ಹೇಳಬಾರದು ಕೂಡ. ನಮ್ಮಂಥವರು ಏನು ಮಾಡುತ್ತೇವೆ ಅನ್ನುವುದನ್ನು ಹೇಳುತ್ತೇನೆ.

ಸ್ಪೆಷಲಿಸ್ಟ್ ಕೇಳುವ ಪ್ರಶ್ನೆ ‘ಈ ಹೊಟ್ಟೆಯಲ್ಲಿ ರೋಗ ಇದೆಯಾ’ ಅಂತ. ಅದು ಬಹಳ ಮುಖ್ಯವಾದ ಪ್ರಶ್ನೆ. ನಾವು ಕೇಳುವುದು ‘ಈ ಮಗುವಿಗೆ ಯಾಕೆ ನೋವಾಗುತ್ತಿದೆ’ ಅಂತ. ಎರಡೂ ಒಂದೇ ಥರ ಕೇಳಿಸುತ್ತವೆ, ಆದರೆ ಮೊದಲನೆಯದಕ್ಕೆ ‘ಇಲ್ಲ’ ಅನ್ನುವ ಉತ್ತರ ಸಿಕ್ಕಿದಾಗ ಎರಡನೆಯದು ಹಾಗೇ ಉಳಿದಿರುತ್ತದೆ. ಸ್ಕ್ಯಾನ್ ನಾರ್ಮಲ್ ಅಂದರೆ ನೋವು ಸುಳ್ಳು ಅಂತಲ್ಲ. ಕರುಳಿಗೂ ಮಿದುಳಿಗೂ ನಡುವೆ ನರಗಳ ಮೂಲಕ ದಿನವಿಡೀ ಸಂಪರ್ಕ ಇರುತ್ತದೆ, ಕೆಲವು ಮಕ್ಕಳಲ್ಲಿ ಆ ನರಗಳು ಸಣ್ಣ ಹಿಗ್ಗುವಿಕೆಯನ್ನೂ ನೋವು ಅಂತಲೇ ತಿಳಿಸುತ್ತವೆ. ಇಂಥ ತೊಂದರೆಗಳನ್ನು ಗುರುತಿಸಲು ರೋಮ್ ಮಾನದಂಡ ಅಂತ ಇದೆ, ಅದರ ನಾಲ್ಕನೇ ಆವೃತ್ತಿ 2016ರಲ್ಲಿ ಬಂತು. ಮಗು ನಾಟಕ ಮಾಡುತ್ತಿಲ್ಲ, ನಿಜವಾಗಿ ನೋಯುತ್ತಿದೆ.

ಇನ್ನು ಜೋಡಿಸುವ ಕೆಲಸ. ಸಾಮಾನ್ಯವಾಗಿ ಕಾಣುವ ಒಂದು ಸಂಗತಿ ಹೇಳುತ್ತೇನೆ. ಸ್ಕೂಲಿನ ಟಾಯ್ಲೆಟ್ ಕೊಳಕಾಗಿರುತ್ತದೆ, ಇಲ್ಲ ಚಿಲಕ ಹಾಕಲು ಬರುವುದಿಲ್ಲ. ಮಗು ಅಲ್ಲಿಗೆ ಹೋಗುವುದಿಲ್ಲ. ಹೋಗಬಾರದು ಅಂದರೆ ನೀರು ಕುಡಿಯಬಾರದು, ಅಲ್ವಾ? ಹಾಗಾಗಿ ಬಾಟಲಿ ತುಂಬಿದ್ದು ತುಂಬಿದಂತೆ ಮನೆಗೆ ಬರುತ್ತದೆ. ದಿನವಿಡೀ ನೀರಿಲ್ಲದೆ ಸಂಜೆ ತಲೆನೋವು. ತಡೆದು ತಡೆದು ಮಲಬದ್ಧತೆ, ಅದರಿಂದ ಹೊಟ್ಟೆನೋವು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಕೆಲವರಲ್ಲಿ ಹಾಸಿಗೆ ಒದ್ದೆಯಾಗುವುದೂ ಉಂಟು. ಈಗ ನೋಡಿ, ಹೊಟ್ಟೆಯವರು, ನರದವರು, ಮೂತ್ರದವರು ಮೂವರೂ ಸೇರಿ ನೋಡಿದರೂ ಚಿಲಕದ ವಿಷಯ ಯಾರ ಫೈಲಿನಲ್ಲೂ ಬರುವುದಿಲ್ಲ. ಮಗುವೂ ತಾನಾಗಿ ಹೇಳುವುದಿಲ್ಲ, ನಾಚಿಕೆ. ಕೇಳಬೇಕು.

ಇದೇ ಥರ ಇನ್ನೂ ಇವೆ. ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡ ಮಗು ಬಾಯಿ ತೆರೆದು ಗೊರಕೆ ಹೊಡೆಯುತ್ತಾ ಮಲಗುತ್ತದೆ, ರಾತ್ರಿ ನಿದ್ದೆ ತುಂಡುತುಂಡು, ಹಗಲು ಗಮನವಿಲ್ಲ, ಕೊನೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರಬಹುದಾ ಅಂತ ಕೇಳಿಕೊಂಡು ಬರುತ್ತಾರೆ. ಕಿವಿಯ ಪರದೆಯ ಹಿಂದೆ ಅಂಟು ದ್ರವ ನಿಂತ ಮಗುವನ್ನು ‘ಹೇಳಿದ ಮಾತು ಕೇಳಲ್ಲ’ ಅಂತ ಬೈಯುತ್ತಾರೆ, ಅದಕ್ಕೆ ನಿಜವಾಗಲೂ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಕಬ್ಬಿಣದ ಅಂಶ ಕಡಿಮೆ ಇರುವ ಮಗು ಸೋಮಾರಿಯ ಹಾಗೆ ಕಾಣುತ್ತದೆ.

ಇದು ಹೊಸ ಫ್ಯಾಷನ್ ಏನಲ್ಲ. ಮಗುವಿನ ದಾಖಲೆ, ಆರೈಕೆ ಎಲ್ಲ ಒಂದು ಕಡೆ ಸೇರಬೇಕು ಅನ್ನುವ ‘ಮೆಡಿಕಲ್ ಹೋಮ್’ ಕಲ್ಪನೆಯನ್ನು ಅಮೆರಿಕದ ಮಕ್ಕಳ ವೈದ್ಯರ ಸಂಘ 1967ರಲ್ಲೇ ಮುಂದಿಟ್ಟಿತ್ತು. ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಸೇರಿಸಿ ನೋಡಬೇಕು ಅಂತ ಜಾರ್ಜ್ ಎಂಗೆಲ್ 1977ರಲ್ಲಿ ಬರೆದರು. ಬಾರ್ಬರಾ ಸ್ಟಾರ್‌ಫೀಲ್ಡ್ ಅನ್ನುವ ಮಕ್ಕಳ ವೈದ್ಯೆ ಪ್ರಾಥಮಿಕ ಆರೈಕೆಯ ಬಗ್ಗೆಯೇ ಜೀವನವಿಡೀ ಕೆಲಸ ಮಾಡಿದವರು. ತೊಂದರೆ ಬಂದಾಗ ಮೊದಲು ಹೋಗುವ ಜಾಗ, ವರ್ಷಗಟ್ಟಲೆ ಅದೇ ಡಾಕ್ಟರ್, ಎಲ್ಲ ಥರದ ತೊಂದರೆಗೂ ಕಿವಿಗೊಡುವುದು, ಬೇರೆಯವರ ಜೊತೆ ಹೊಂದಿಸುವುದು, ಈ ನಾಲ್ಕು ಇರಬೇಕು ಅಂತ ಅವರು ಹೇಳುತ್ತಿದ್ದರು. ನಿಮಗೆ ಈಗ ನಾಲ್ಕೂ ಇಲ್ಲ. ಅದರಲ್ಲೂ ಕೊನೆಯದನ್ನು ನೀವೇ ಒಬ್ಬರೇ ಮಾಡುತ್ತಿದ್ದೀರಿ, ಅದು ಅಮ್ಮನ ಕೆಲಸ ಅಲ್ಲ.

ಸಾಧ್ಯವಾದರೆ ಮಗಳ ಹತ್ತಿರ ಒಂದು ಮಾತು ಕೇಳಿ ನೋಡಿ. ಸ್ಕೂಲಲ್ಲಿ ಟಾಯ್ಲೆಟ್‌ಗೆ ಹೋಗುತ್ತೀಯಾ ಅಂತ. ಗದರುವ ದನಿಯಲ್ಲಿ ಬೇಡ, ಬೇರೇನೋ ಮಾಡುತ್ತಾ ಸುಮ್ನೆ ಕೇಳಿ.

ಉತ್ತರ – ಇನ್ಸುಲಿನ್ ಹುಡುಗನ ಅಪ್ಪ

ಡಾಕ್ಟ್ರು ಹೇಳಿದ್ದು ಸರಿ, ಆದರೆ ಇನ್ನೊಂದು ಕಡೆಯೂ ಇದೆ, ಅದನ್ನು ನಾನು ಹೇಳಲೇಬೇಕು.

ನನ್ನ ಮಗನಿಗೆ ಟೈಪ್ 1 ಡಯಾಬಿಟೀಸ್, ಅಂದರೆ ದೇಹ ಇನ್ಸುಲಿನ್ ತಯಾರಿಸದೆ ಬರುವ ಸಕ್ಕರೆ ಕಾಯಿಲೆ. ಶುರುವಿನಲ್ಲಿ ತೂಕ ಇಳಿಯುತ್ತಿತ್ತು, ಎಷ್ಟು ನೀರು ಕುಡಿದರೂ ಬಾಯಾರಿಕೆ, ಹಾಸಿಗೆ ಒದ್ದೆ ಮಾಡುವುದು ನಿಂತು ವರ್ಷಗಳಾಗಿದ್ದವನು ಮತ್ತೆ ಶುರು ಮಾಡಿದ್ದ. ಒಬ್ಬ ಸಾಮಾನ್ಯ ವೈದ್ಯರು ‘ಮನೆಯಲ್ಲಿ ತಂಗಿ ಹುಟ್ಟಿದ್ದಾಳಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾನೆ’ ಅಂದರು. ಒಂದು ಹನಿ ರಕ್ತದ ಸಕ್ಕರೆ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೋಡಲಿಲ್ಲ. ಆಮೇಲೆ ಅವನು ವಾಂತಿ ಮಾಡಿಕೊಂಡು ಜೋರಾಗಿ ಉಸಿರೆಳೆಯುತ್ತಾ ಐಸಿಯು ಸೇರಿದ.

ಇಡೀ ಮಗುವನ್ನು ನೋಡುವುದು ಅಂದರೆ ದೇಹವನ್ನು ಬಿಟ್ಟು ಮನೆಯ ಕಥೆ ಮಾತ್ರ ಕೇಳುವುದಲ್ಲ. ದೇಹವೂ ಆ ‘ಇಡೀ’ಯಲ್ಲಿ ಬರುತ್ತದೆ. ಮನಸ್ಸಿನದ್ದು ಅಂತ ಹೇಳುವ ಮೊದಲು ಮಾಡಬೇಕಾದ ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿ, ಹಿಂಜರಿಯಬೇಡಿ.

ಆದರೆ ಇದನ್ನೂ ಹೇಳಬೇಕು. ಇವತ್ತು ನನ್ನ ಮಗನನ್ನು ಪೂರ್ತಿಯಾಗಿ ಬಲ್ಲವರು ಯಾರು ಅಂದರೆ ಅದೇ ಡಯಾಬಿಟೀಸ್ ಕ್ಲಿನಿಕ್ಕಿನ ನರ್ಸ್. ಸಕ್ಕರೆ ಯಾಕೆ ಏರುತ್ತಿದೆ ಅಂತ ನಾವೆಲ್ಲ ಡೋಸ್ ಲೆಕ್ಕ ಹಾಕುತ್ತಾ ಕೂತಿದ್ದಾಗ, ಅವರು ನಮ್ಮನ್ನು ಬಿಟ್ಟು ನೇರ ಅವನನ್ನೇ ಕೇಳಿದರು, ‘ಸ್ಕೂಲಲ್ಲಿ ಇಂಜೆಕ್ಷನ್ ತಗೊಳ್ಳುವಾಗ ಯಾರಾದರೂ ನೋಡ್ತಾರಾ?’ ಅವನು ತಲೆ ತಗ್ಗಿಸಿದ. ಗೆಳೆಯರು ನೋಡುತ್ತಾರೆ ಅಂತ ಮಧ್ಯಾಹ್ನದ ಡೋಸ್ ಬಿಡುತ್ತಿದ್ದ. ಅಂದರೆ ಈ ಗುಣ ಸಾಮಾನ್ಯ ವೈದ್ಯರಿಗೆ ಮಾತ್ರ ಮೀಸಲು ಅಂತ ಏನಿಲ್ಲ. ಸ್ಪೆಷಲಿಸ್ಟ್ ತಂಡದಲ್ಲೂ ಸಿಗಬಹುದು, ಸಾಮಾನ್ಯ ವೈದ್ಯರಲ್ಲಿ ಸಿಗದೆಯೂ ಇರಬಹುದು.

ಉತ್ತರ – ಫ್ಯಾಮಿಲಿ ಡಾಕ್ಟರ್

ಸರ್, ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಬಾಯಾರಿಕೆ, ಜಾಸ್ತಿ ಮೂತ್ರ, ತೂಕ ಇಳಿಕೆ, ಈ ಮೂರನ್ನು ಕೇಳಿದ ಮೇಲೆ ಅದೇ ದಿನ ಸಕ್ಕರೆ ನೋಡದೆ ಕಳಿಸುವುದನ್ನು ಯಾವ ಹೆಸರಿಟ್ಟು ಕರೆದರೂ ಒಳ್ಳೆಯ ವೈದ್ಯಕೀಯ ಅನ್ನಲಾಗದು.

ಮೇಡಂ, ನಿಮಗೂ ಹೇಳಿಬಿಡುತ್ತೇನೆ. ಹೊಟ್ಟೆನೋವಿನ ಜೊತೆ ತೂಕ ಇಳಿದರೆ, ಎತ್ತರ ಬೆಳೆಯುವುದು ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಜ್ವರ ಬರುತ್ತಿದ್ದರೆ, ನೋವೇ ಮಗುವನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದರೆ ಅದು ಕಾಯುವ ವಿಷಯ ಅಲ್ಲ, ಹಸಿರು ವಾಂತಿಯಂತೂ ತುರ್ತು. ತಲೆನೋವಿನ ಜೊತೆ ಬೆಳಗಿನ ಹೊತ್ತು ವಾಂತಿ, ನಡೆಯುವಾಗ ತೂರಾಡುವುದು, ಎರಡೆರಡಾಗಿ ಕಾಣುವುದು ಇದ್ದರೂ ಹಾಗೇ. ಇಂಥವನ್ನು ಕಂಡರೆ ತಕ್ಷಣ ಸ್ಪೆಷಲಿಸ್ಟ್ ಹತ್ತಿರ ಕಳಿಸುವುದೂ ಸಾಮಾನ್ಯ ವೈದ್ಯರ ಕೆಲಸವೇ.

ಉತ್ತರ – ಮಕ್ಕಳ ವಾರ್ಡ್ ನರ್ಸ್

ಅಕ್ಕ, ನೀವು ರಾತ್ರಿ ಕೊಡುವ ಆ ಅಗಿಯುವ ಮಾತ್ರೆ ಯಾವುದು? ಪ್ಯಾಕೆಟ್ ಮೇಲೆ ಮಾಂಟೆಲುಕಾಸ್ಟ್ ಅಂತ ಇದೆಯಾ ನೋಡಿ.

ಉಬ್ಬಸ, ಅಲರ್ಜಿ ಇರುವ ಮಕ್ಕಳಿಗೆ ತುಂಬಾ ಕಡೆ ಬರೆಯುವ ಮಾತ್ರೆ ಅದು. ಬಹಳ ಮಕ್ಕಳಿಗೆ ಏನೂ ತೊಂದರೆ ಆಗುವುದಿಲ್ಲ. ಆದರೆ ಕೆಲವರಿಗೆ ಕೆಟ್ಟ ಕನಸು, ನಿದ್ದೆಗೇಡು, ಸಿಡುಕು, ಮಂಕು ಬರುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅದರ ಮೇಲೆ ಅತ್ಯಂತ ಗಟ್ಟಿ ಎಚ್ಚರಿಕೆ ಹಾಕಿಸಿದರು. ನಿಮ್ಮ ಮಗಳ ಕನಸು ಅದರಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ ಮಾತ್ರೆ ಶುರುವಾದದ್ದು ಯಾವಾಗ, ಕನಸು ಶುರುವಾದದ್ದು ಯಾವಾಗ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ, ಅದು ಬೇರೆ ಔಷಧ.

ನನ್ನ ಅನುಭವದಲ್ಲಿ ಹಲವು ಡಾಕ್ಟರ್ ನೋಡುವ ಮಕ್ಕಳಿಗೆ ಕಾಯಿಲೆಗಿಂತ ಮುಂಚೆ ನೋಡಬೇಕಾದದ್ದು ಔಷಧಿಗಳ ಪಟ್ಟಿ. ಒಂದೇ ಔಷಧ ಎರಡು ಹೆಸರಲ್ಲಿ ಎರಡು ಚೀಟಿಯಲ್ಲಿ ಇರುತ್ತದೆ. ಜ್ವರಕ್ಕೆ ಒಬ್ಬರು ಬರೆದದ್ದರಲ್ಲೂ ನೆಗಡಿಗೆ ಇನ್ನೊಬ್ಬರು ಬರೆದದ್ದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅಮ್ಮಂದಿರು ಎರಡನ್ನೂ ಕೊಡುತ್ತಿರುತ್ತಾರೆ. ನೆಗಡಿಯ ಕೆಲವು ಸಿರಪ್‌ಗಳು ಮಂಪರು ತರುತ್ತವೆ, ಅದನ್ನು ಕುಡಿದು ಸ್ಕೂಲಿಗೆ ಹೋದ ಮಗುವಿಗೆ ಗಮನ ಎಲ್ಲಿಂದ ಬರಬೇಕು? ತಲೆನೋವಿಗೆ ನೋವಿನ ಮಾತ್ರೆಯನ್ನು ಮೇಲಿಂದ ಮೇಲೆ ಕೊಟ್ಟರೆ ಆ ಮಾತ್ರೆಯೇ ತಲೆನೋವನ್ನು ಉಳಿಸುತ್ತದೆ. ಎಲ್ಲ ಬಾಟಲಿ, ಸ್ಟ್ರಿಪ್, ಮನೆಮದ್ದು, ಟಾನಿಕ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬರ ಮೇಜಿನ ಮೇಲೆ ಸುರಿಯಿರಿ. ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಇದೇ ಮೇಲು.

ಪ್ರಶ್ನೆ ಕೇಳಿದವರು – ಎಂಟು ವರ್ಷದವಳ ಅಮ್ಮ

ಎಲ್ಲರಿಗೂ ಧನ್ಯವಾದ. ಓದುತ್ತಾ ಕಣ್ಣು ತುಂಬಿ ಬಂತು.

ಮಾತ್ರೆ ಅದೇ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಸದ್ಯಕ್ಕೆ ನಿಲ್ಲಿಸಿ, ಇನ್ಹೇಲರ್ ಹೇಳಿದ ಹಾಗೇ ಕೊಡಿ, ಬಂದು ತೋರಿಸಿ ಅಂದರು. ಕನಸು ನಿಲ್ಲುತ್ತದೋ ಇಲ್ಲವೋ ನೋಡಬೇಕು.

ಟಾಯ್ಲೆಟ್ ವಿಷಯ ತಲೆ ಬಾಚುವಾಗ ಕೇಳಿದೆ. ‘ಅಲ್ಲಿ ವಾಸನೆ ಅಮ್ಮಾ, ನಾನು ಹೋಗಲ್ಲ’ ಅಂದಳು. ಎಷ್ಟು ಸಲೀಸಾಗಿ ಹೇಳಿದಳು ಅಂದರೆ, ಇಷ್ಟು ದಿನ ಯಾರಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದಳು. ಹೊಟ್ಟೆನೋವಿಗೆ ಇದೊಂದೇ ಕಾರಣ ಅಂತ ನನಗೂ ಅನಿಸುತ್ತಿಲ್ಲ, ರಜಾ ದಿನಗಳಲ್ಲೂ ಒಮ್ಮೊಮ್ಮೆ ಬರುತ್ತದೆ. ಆದರೂ ಹಿಡಿಯಲು ಒಂದು ದಾರಿ ಸಿಕ್ಕಿತು.

ಈಗ ಇನ್ನೊಂದು ಪ್ರಶ್ನೆ. ಇಂಥ ಡಾಕ್ಟರ್ ಅಂತ ಗುರುತಿಸುವುದು ಹೇಗೆ? ಬೋರ್ಡ್ ಮೇಲೆ ಬರೆದಿರುವುದಿಲ್ಲವಲ್ಲ.

ಉತ್ತರ – ಸ್ಕೂಲ್ ಆಪ್ತಸಲಹೆಗಾರ್ತಿ

ನಾನು ನೋಡುವುದು ಒಂದೇ. ಡಾಕ್ಟರ್ ಮೊದಲ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ? ಮಗು ಎದುರಿಗೆ ಕೂತಿರುವಾಗ ‘ಇವಳಿಗೆ ಏನಾಗಿದೆ’ ಅಂತ ಅಮ್ಮನನ್ನು ಕೇಳುವವರು ಬಹಳ ಜನ. ‘ನಿನಗೆ ಏನಾಗ್ತಿದೆ ಪುಟ್ಟಾ’ ಅಂತ ಮಗುವನ್ನೇ ಕೇಳಿ, ಅದು ಬಾಯಿ ಬಿಡುವ ತನಕ ಕಾಯುವವರು ಕಡಿಮೆ. ಎಂಟು ವರ್ಷದ ಮಗು ನೋವು ಯಾವಾಗ ಬರುತ್ತದೆ, ಬಂದಾಗ ಏನು ಮಾಡುತ್ತೇನೆ ಅಂತ ಚೆನ್ನಾಗಿ ಹೇಳಬಲ್ಲದು. ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಲ್ಲೇ ಇದೆ. ಆಸ್ಪತ್ರೆಗೆ ಕಾಲಿಟ್ಟ ತಕ್ಷಣ ಅದು ರದ್ದಾಗುವುದಿಲ್ಲ.

ಇನ್ನು ಹದಿಹರೆಯದವರ ಮನೆಯವರಿಗಾಗಿ ಒಂದು ಮಾತು, ಇಲ್ಲಿ ಓದುತ್ತಿರುವವರಲ್ಲಿ ಅಂಥವರೂ ಇರುತ್ತೀರಿ. ಆ ವಯಸ್ಸಿನ ಮಕ್ಕಳನ್ನು ಡಾಕ್ಟರ್ ಸ್ವಲ್ಪ ಹೊತ್ತು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತೇನೆ ಅಂದರೆ ದಯವಿಟ್ಟು ಬಾಗಿಲ ಹೊರಗೆ ಹೋಗಿ. ಮನೆ, ಓದು, ಗೆಳೆಯರು, ಹವ್ಯಾಸ, ಮಾದಕ ವಸ್ತು, ಲೈಂಗಿಕತೆ, ಸಾಯಬೇಕು ಅನ್ನುವ ಯೋಚನೆ, ಇದನ್ನೆಲ್ಲ ಒಂದು ಕ್ರಮದಲ್ಲಿ, ಸುಲಭದ್ದರಿಂದ ಕಷ್ಟದ್ದಕ್ಕೆ ಕೇಳುವ ವಿಧಾನವೇ ಇದೆ, ಹೆಡ್ಸ್ ಅನ್ನುತ್ತಾರೆ. ಹೇಳಿದ್ದು ಗುಟ್ಟಾಗಿ ಇರುತ್ತದೆ ಅಂತಲೂ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ದೊಡ್ಡವರಿಗೆ ತಿಳಿಸಬೇಕಾಗುತ್ತದೆ ಅಂತಲೂ ಒಳ್ಳೆಯ ಡಾಕ್ಟರ್ ಮೊದಲೇ ಹೇಳುತ್ತಾರೆ. ತಲೆನೋವು ಅಂತ ಬಂದ ಹುಡುಗಿ ಆಮೇಲೆ ಬಾಯಿಬಿಡುವುದು ಬೇರೆಯದನ್ನೇ. ಅಮ್ಮ ಪಕ್ಕದಲ್ಲಿ ಕೂತಿದ್ದರೆ ಅದು ತಲೆನೋವಾಗಿಯೇ ಉಳಿಯುತ್ತದೆ.

ಅಂದಹಾಗೆ ಟಾಯ್ಲೆಟ್ ವಿಷಯವನ್ನು ಸ್ಕೂಲಿಗೆ ಬರೆದು ತಿಳಿಸಿ. ನಿಮ್ಮ ಮಗಳೊಬ್ಬಳೇ ಅಲ್ಲ, ಆ ಕ್ಲಾಸಿನಲ್ಲಿ ತಡೆದುಕೊಂಡು ಕೂತಿರುವವರು ಇನ್ನೂ ಇರುತ್ತಾರೆ. ಡಾಕ್ಟರಿಂದ ಒಂದು ಪತ್ರ ಸಿಕ್ಕರೆ ಇನ್ನೂ ಒಳ್ಳೆಯದು, ಅಂಥ ಪತ್ರ ಬರೆಯುವುದೂ ಚಿಕಿತ್ಸೆಯೇ.

ಉತ್ತರ – ಅವಳಿಗಳ ಅಪ್ಪ

ಒಂದು ಎಚ್ಚರಿಕೆ ಸೇರಿಸುತ್ತೇನೆ. ‘ನಾವು ರೋಗ ನೋಡಲ್ಲ, ಇಡೀ ಮನುಷ್ಯನನ್ನು ನೋಡ್ತೀವಿ’ ಅಂತ ಹೇಳಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಮಾತು ಕೇಳಲು ಚೆಂದ. ಆದರೆ ಮುಂದೆ ಏನು ಮಾಡುತ್ತಾರೆ ನೋಡಿ. ಲಸಿಕೆ ಬೇಡ ಅಂದರೆ, ಇನ್ಹೇಲರ್ ಬಿಟ್ಟುಬಿಡಿ ಅಂದರೆ, ತಾವೇ ಮಾರುವ ಪುಡಿ ತಗೊಳ್ಳಿ ಅಂದರೆ, ಬೇರೆ ಡಾಕ್ಟರ್ ಹತ್ತಿರ ಹೋಗಬೇಡಿ ಅಂದರೆ, ಅಲ್ಲಿಂದ ಎದ್ದು ಬನ್ನಿ. ನಿಜವಾಗಿ ಪೂರ್ತಿ ಮಗುವನ್ನು ನೋಡುವವರು ತೂಕ, ಎತ್ತರ ಅಳೆದು ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆ ಇಡುತ್ತಾರೆ, ಲಸಿಕೆ ಕಾರ್ಡ್ ಕೇಳುತ್ತಾರೆ, ನಿದ್ದೆ ಎಷ್ಟು ಗಂಟೆ ಅಂತ ಕೇಳುತ್ತಾರೆ. ಇದರಲ್ಲಿ ಮಂತ್ರ ಏನಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 1990ರ ದಶಕದಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಪದ್ಧತಿ ತಂದವು. ಮಗು ಕೆಮ್ಮು ಅಂತ ಬಂದರೂ ಕೆಮ್ಮನ್ನು ಮಾತ್ರ ನೋಡಿ ಕಳಿಸುವ ಹಾಗಿಲ್ಲ. ಭೇದಿ, ಜ್ವರ, ಕಿವಿ, ಪೋಷಣೆ, ಲಸಿಕೆ ಎಲ್ಲವನ್ನೂ ಅದೇ ಭೇಟಿಯಲ್ಲಿ ನೋಡಬೇಕು, ಅಮ್ಮನ ಹತ್ತಿರ ಊಟದ ಬಗ್ಗೆಯೂ ಮಾತಾಡಬೇಕು. ದೊಡ್ಡ ಆಸ್ಪತ್ರೆ ಇಲ್ಲದ ಕಡೆಯ ಆರೋಗ್ಯ ಕಾರ್ಯಕರ್ತರೂ ಇದನ್ನು ಮಾಡುತ್ತಾರೆ. ಹಾಗಾಗಿ ಇದು ದುಡ್ಡಿರುವವರ ವಿಶೇಷ ಸೇವೆ ಅಂತ ಯಾರೂ ಅಂದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು – ಎಂಟು ವರ್ಷದವಳ ಅಮ್ಮ

ಒಬ್ಬರು ಮಕ್ಕಳ ಡಾಕ್ಟರ್ ಸಿಕ್ಕಿದ್ದಾರೆ, ಮೊದಲ ಭೇಟಿಗೆ ಜಾಸ್ತಿ ಹೊತ್ತು ಕೊಡುತ್ತಾರಂತೆ. ಏನೇನು ತಗೊಂಡು ಹೋಗಲಿ? ಮತ್ತೆ, ಒಬ್ಬರನ್ನೇ ಹಿಡಿದ ಮೇಲೆ ರಾತ್ರಿ ಉಬ್ಬಸ ಜೋರಾದರೆ ಮೊದಲು ಅವರನ್ನೇ ಕೇಳಬೇಕಾ?

ಉತ್ತರ – ಫ್ಯಾಮಿಲಿ ಡಾಕ್ಟರ್

ಔಷಧಿ ಚೀಲದ ಬಗ್ಗೆ ಸಿಸ್ಟರ್ ಹೇಳಿದ್ದಾರೆ, ಅದೇ ಮೊದಲು. ಹಳೆಯ ತೂಕ, ಎತ್ತರ ಬರೆದದ್ದು ಎಲ್ಲಿ ಸಿಕ್ಕರೂ ತನ್ನಿ, ಒಂದು ದಿನದ ಅಳತೆಗಿಂತ ವರ್ಷಗಳ ಗೆರೆ ಜಾಸ್ತಿ ಹೇಳುತ್ತದೆ. ನೋವು ಬಂದ ದಿನ, ಹೊತ್ತು, ಅವತ್ತು ಮಲಕ್ಕೆ ಹೋಗಿದ್ದಳಾ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸಾಧ್ಯವಾದರೆ ಮಗಳ ಕೈಯಲ್ಲೇ ಬರೆಸಿ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಅದಕ್ಕೆ ಎಷ್ಟು ಕಡಿಮೆ ಬೀಳುತ್ತಿದೆ ಅಂತ ಅಲ್ಲೇ ಕಾಣುತ್ತದೆ. ನಿಮಗೆ ಮನಸ್ಸಿನಲ್ಲಿ ಇರುವ ದೊಡ್ಡ ಭಯ ಏನೋ ಅದನ್ನೂ ಹೇಳಿ. ಎಷ್ಟೋ ತಾಯಂದಿರು ಗೆಡ್ಡೆ ಇರಬಹುದಾ ಅನ್ನುವ ಭಯವನ್ನು ಒಳಗೇ ಇಟ್ಟುಕೊಂಡು ಗ್ಯಾಸ್ ಬಗ್ಗೆ ಮಾತಾಡಿ ಎದ್ದು ಹೋಗುತ್ತಾರೆ.

ಮೊದಲ ಭೇಟಿಯಲ್ಲೇ ಎಲ್ಲ ಬಗೆಹರಿಯುವುದಿಲ್ಲ. ‘ಮತ್ತೆ ಯಾವಾಗ ಬರಲಿ’ ಅಂತ ಕೇಳಿ. ದಿನ ಗೊತ್ತುಮಾಡಿ ಕರೆಯುವವರು ನಿಮ್ಮ ಮಗುವನ್ನು ಮರೆಯುವುದಿಲ್ಲ. ಹಳೆಯ ಸ್ಪೆಷಲಿಸ್ಟ್‌ಗಳಿಗೆ ಇವರಿಂದ ಒಂದು ಪತ್ರ ಹೋಗಲಿ, ಅವರನ್ನು ಬಿಡಬೇಕಾಗಿಲ್ಲ.

ಉಬ್ಬಸದ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಹೋಗುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ, ಉಬ್ಬಸ ತಗ್ಗಿಸುವ ಇನ್ಹೇಲರ್ ಕೊಟ್ಟರೂ ಕಡಿಮೆಯಾಗದಿದ್ದರೆ ಯಾರಿಗೂ ಫೋನ್ ಮಾಡಿ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ದಾರಿಯಲ್ಲೂ ಅದೇ ಇನ್ಹೇಲರನ್ನು ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಕೊಳವೆ) ಹಾಕಿ ಡಾಕ್ಟರ್ ಹೇಳಿಕೊಟ್ಟ ಹಾಗೆ ಕೊಡುತ್ತಿರಿ. ಯಾವಾಗ ಎಷ್ಟು ಪಫ್ ಕೊಡಬೇಕು ಅನ್ನುವುದನ್ನು ಈ ಮೊದಲ ಭೇಟಿಯಲ್ಲೇ ಕಾಗದದಲ್ಲಿ ಬರೆಸಿಕೊಳ್ಳಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಸ್ಕೂಲಿಗೆ ಕೊಡಿ. ಎಮರ್ಜೆನ್ಸಿಯಲ್ಲಿ ಏನು ಕೊಟ್ಟರು ಅನ್ನುವ ಚೀಟಿಯನ್ನು ಮರುದಿನ ನಿಮ್ಮ ಡಾಕ್ಟರಿಗೆ ತಲುಪಿಸಿ.